ಅಪ್ಪಣ್ಣನ ಬೀಗ: ‘ನಾಗಮಂಡಲ’ದಲ್ಲಿ ನಂಬಿಕೆ ಮತ್ತು ವಿಶ್ವಾಸ



ಕಳೆದ ತಿಂಗಳ ಕೂಟಕ್ಕೆ ಬಂದವರಿಗೆ ಈ ಬರಹದ ಹಿನ್ನೆಲೆ ಗೊತ್ತು. ಬಾರದವರಿಗಾಗಿ ಎರಡು ಮಾತು. ಬ್ನೇದ್ ಅಲ್ ಗಾರಿನ ನಮ್ಮ ಮಾಮೂಲಿ ಮನೆಯಲ್ಲಿ, ಗಲ್ಫ್ ರಸ್ತೆಯ ಕಾರುಗಳ ಸದ್ದಿಗೆ ಕಿಟಕಿ ಮುಚ್ಚಿಕೊಂಡು, ಗಿರೀಶ ಕಾರ್ನಾಡರ ‘ನಾಗಮಂಡಲ’ವನ್ನು ಪಾತ್ರ ಹಂಚಿಕೊಂಡು ಓದಿದೆವು. ನನ್ನ ಪಾಲಿಗೆ ಅಪ್ಪಣ್ಣ ಬಂದಿದ್ದ. ಓದು ಮುಗಿದು ಊಟಕ್ಕೆ ಏಳುವಾಗ ಮಿತ್ರರೊಬ್ಬರು, “ಅಂತೂ ಕೊನೆಗೆ ರಾಣಿಯನ್ನು ಗಂಡ ನಂಬಿದನಲ್ಲ, ಸುಖಾಂತ್ಯ” ಅಂದರು. ಅಷ್ಟು ಹೊತ್ತು ಸುಮ್ಮನಿದ್ದ ಸೋದರಿಯೊಬ್ಬರು, “ನಂಬಿದ, ಸರಿ. ಆದರೆ ಅವರಿಬ್ಬರ ನಡುವೆ ವಿಶ್ವಾಸ ಎಲ್ಲಿ ಬಂತು?” ಎಂದು ಕೇಳಿದರು.

ಚಿತ್ರಾನ್ನದ ತಟ್ಟೆ ಕೈಯಲ್ಲಿ ಹಿಡಿದು ಅರ್ಧ ಗಂಟೆ ವಾದ ನಡೆಯಿತು. ಎರಡೂ ಒಂದೇ ಅಲ್ಲವೇ ಎಂದು ಕೆಲವರು. ಅಲ್ಲ ಎಂದು ಇನ್ನು ಕೆಲವರು. ವಾದ ಅಲ್ಲಿಗೆ ನಿಂತಿತು. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಹಾಗಾಗಿ ಈ ಬರಹ.

ಮೊದಲು ಮಾತಿನಿಂದಲೇ ಶುರು ಮಾಡೋಣ. ದಿನನಿತ್ಯ ನಾವು ಈ ಎರಡು ಪದಗಳನ್ನು ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟು ಬಳಸುತ್ತೇವೆ, ನಿಜ. ‘ನಂಬಿಕೆದ್ರೋಹ’ ಅಂದರೂ ‘ವಿಶ್ವಾಸದ್ರೋಹ’ ಅಂದರೂ ಪೆಟ್ಟು ಒಂದೇ. ಆದರೂ ಕಿವಿಗೊಟ್ಟು ಕೇಳಿದರೆ ವ್ಯತ್ಯಾಸ ಸಿಗುತ್ತದೆ. ‘ದೈವದ ಮೇಲೆ ನಂಬಿಕೆ’ ಅನ್ನುತ್ತೇವೆ, ‘ಶಕುನದಲ್ಲಿ ನಂಬಿಕೆ’ ಅನ್ನುತ್ತೇವೆ, ‘ಮೂಢನಂಬಿಕೆ’ ಅನ್ನುತ್ತೇವೆ. ಅಲ್ಲೆಲ್ಲ ನಂಬುವವನು ಒಬ್ಬನಿದ್ದರೆ ಸಾಕು. ನಂಬಿಸಿಕೊಂಡದ್ದು ಕಲ್ಲಾಗಿರಬಹುದು, ಮರವಾಗಿರಬಹುದು, ಉತ್ತರ ಕೊಡಬೇಕಾಗಿಲ್ಲ. ಅದೇ ‘ವಿಶ್ವಾಸ’ವನ್ನು ನೋಡಿ. ‘ಅವರಿಗೂ ನಮಗೂ ಬಹಳ ವಿಶ್ವಾಸ’ ಎಂದು ಊರ ಕಡೆ ಹೇಳುವುದುಂಟು. ‘ವಿಶ್ವಾಸದಿಂದ ಕರೆದರು, ಹೋಗಿದ್ದೆ’ ಅನ್ನುತ್ತೇವೆ. ಹೊರಟು ನಿಂತವರಿಗೆ ‘ವಿಶ್ವಾಸ ಇರಲಿ’ ಎಂದು ಹೇಳಿ ಕಳಿಸುತ್ತೇವೆ. ‘ಅವರಿಗೂ ನಮಗೂ ಬಹಳ ನಂಬಿಕೆ’ ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ವಿಶ್ವಾಸಕ್ಕೆ ಇಬ್ಬರು ಬೇಕು, ಅದಕ್ಕೆ ಹೋಗಿಬರುವ ದಾರಿ ಬೇಕು, ಮತ್ತು ಅದರಲ್ಲಿ ಪ್ರೀತಿಯೂ ಸ್ವಲ್ಪ ಬೆರೆತಿರುತ್ತದೆ.

ಸಂಸ್ಕೃತದಲ್ಲಿ ಈ ಪದದ ಮೂಲ ‘ಶ್ವಾಸ’ವೇ. ಭಯವಿಲ್ಲದೆ, ನಿರಾಳವಾಗಿ ಉಸಿರಾಡುವುದು. ಯಾರ ಎದುರು ಉಸಿರು ಬಿಗಿಹಿಡಿಯದೆ ಕೂರಬಹುದೋ ಅವರೊಂದಿಗೆ ನಮಗೆ ವಿಶ್ವಾಸವಿದೆ ಎಂದರ್ಥ. ಇದು ನಿಘಂಟಿನ ಹಟವಲ್ಲ, ಯಾರೂ ಹೀಗೇ ಮಾತಾಡಬೇಕೆಂದು ನಾನು ಹೇಳುತ್ತಿಲ್ಲ. ಈ ಬರಹದ ಮಟ್ಟಿಗೆ, ಕಣ್ಣು ಮುಚ್ಚಿ ತಲೆಬಾಗುವುದಕ್ಕೆ ನಂಬಿಕೆ ಎಂದೂ, ಕಣ್ಣು ತೆರೆದು ಇನ್ನೊಬ್ಬರೊಡನೆ ನಿರಾಳವಾಗಿ ಇರುವುದಕ್ಕೆ ವಿಶ್ವಾಸ ಎಂದೂ ಇಟ್ಟುಕೊಳ್ಳೋಣ.

ಈಗ ನಾಟಕಕ್ಕೆ ಬರೋಣ. ಕಾರ್ನಾಡರು ‘ನಾಗಮಂಡಲ’ ಬರೆದದ್ದು ಎಂಬತ್ತರ ದಶಕದ ಕೊನೆಯಲ್ಲಿ, ಶಿಕಾಗೋ ವಿಶ್ವವಿದ್ಯಾಲಯದಲ್ಲಿದ್ದ ದಿನಗಳಲ್ಲಿ. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಎರಡು ಜನಪದ ಕತೆಗಳೇ ಅದರ ಬೇರು. ಒಬ್ಬ ಪರದೇಶವಾಸಿ ಇನ್ನೊಬ್ಬ ಪರದೇಶವಾಸಿಗೆ ಹೇಳಿದ ಊರಿನ ಕತೆ! ನಮ್ಮಂಥವರಿಗೆ ಅದು ಹತ್ತಿರವಾಗಲು ಇದೂ ಒಂದು ಕಾರಣವಿರಬಹುದು. 1997ರಲ್ಲಿ ಟಿ.ಎಸ್. ನಾಗಾಭರಣ ಅದನ್ನು ಸಿನಿಮಾ ಮಾಡಿದರು. ನಮ್ಮಲ್ಲಿ ಹಲವರಿಗೆ ನಾಟಕಕ್ಕಿಂತ ಮೊದಲು ಸಿನಿಮಾ ಪರಿಚಯ.

ಕತೆ ಚಿಕ್ಕದು. ಅಪ್ಪಣ್ಣ ರಾಣಿಯನ್ನು ಮದುವೆಯಾಗಿ ಮನೆಗೆ ತರುತ್ತಾನೆ. ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕುತ್ತಾನೆ. ಮಧ್ಯಾಹ್ನ ಬರುತ್ತಾನೆ, ಸ್ನಾನ ಮಾಡುತ್ತಾನೆ, ಉಣ್ಣುತ್ತಾನೆ, ಮತ್ತೆ ಬೀಗ ಹಾಕಿ ಸೂಳೆಯ ಮನೆಗೆ ಹೋಗುತ್ತಾನೆ. ಕುರುಡವ್ವ ಎಂಬ ಮುದುಕಿ ವಶೀಕರಣದ ಬೇರು ಕೊಡುತ್ತಾಳೆ. ಬೇರು ಹಾಕಿದ ಸಾರು ರಕ್ತದಂತೆ ಕೆಂಪಾದಾಗ ರಾಣಿ ಹೆದರಿ ಅದನ್ನು ಹುತ್ತಕ್ಕೆ ಸುರಿಯುತ್ತಾಳೆ. ಹುತ್ತದ ನಾಗ ಅವಳಿಗೆ ಒಲಿದು, ರಾತ್ರಿ ಬಚ್ಚಲ ಮೋರಿಯಿಂದ ನುಸುಳಿ ಅಪ್ಪಣ್ಣನ ರೂಪದಲ್ಲಿ ಬರುತ್ತದೆ. ರಾಣಿ ಬಸುರಿಯಾಗುತ್ತಾಳೆ. ಅವಳನ್ನು ಮುಟ್ಟಿಯೇ ಇಲ್ಲದ ಅಪ್ಪಣ್ಣ ಪಂಚರನ್ನು ಕರೆಸುತ್ತಾನೆ. ರಾಣಿ ನಾಗರಹಾವನ್ನೇ ಕೈಯಲ್ಲಿ ಹಿಡಿದು ಆಣೆ ಮಾಡುತ್ತಾಳೆ: ಗಂಡನನ್ನೂ ಈ ಹಾವನ್ನೂ ಬಿಟ್ಟು ಬೇರೆ ಯಾವ ಗಂಡನ್ನೂ ತಾನು ಮುಟ್ಟಿಲ್ಲ. ಹಾವು ಕಚ್ಚುವುದಿಲ್ಲ; ಅವಳ ತಲೆಯ ಮೇಲೆ ಹೆಡೆ ಬಿಚ್ಚುತ್ತದೆ. ಊರು ‘ದೇವಿ’ ಎಂದು ಕಾಲಿಗೆ ಬೀಳುತ್ತದೆ. ಅಪ್ಪಣ್ಣನೂ ಬೀಳುತ್ತಾನೆ.

ಅಪ್ಪಣ್ಣನ ಪಾಲು ಓದುತ್ತಿದ್ದ ನನಗೆ ತೊಡಕು ಹತ್ತಿದ್ದು ಇಲ್ಲೇ. ಊರಿನವರೆಲ್ಲ ನಂಬಬಹುದು, ಅವರಿಗೆ ಗೊತ್ತಿರುವುದು ಕಣ್ಣೆದುರು ನಡೆದ ಪವಾಡ ಮಾತ್ರ. ಆದರೆ ಅಪ್ಪಣ್ಣನಿಗೆ ಗೊತ್ತು. ತಾನು ಅವಳ ಹತ್ತಿರ ಹೋಗಿಲ್ಲ ಎನ್ನುವುದು ಇಡೀ ಊರಿನಲ್ಲಿ ಖಚಿತವಾಗಿ ಗೊತ್ತಿರುವವನು ಅವನೊಬ್ಬನೇ. ಅವನು ಕಾಲಿಗೆ ಬಿದ್ದದ್ದು ಹೆಂಡತಿಯ ಮಾತಿಗಲ್ಲ, ಹಾವಿನ ಹೆಡೆಗೆ. ಅಂದರೆ ಆ ಕ್ಷಣದಲ್ಲಿ ಅವನಿಗೆ ನಂಬಿಕೆ ಬಂತು, ವಿಶ್ವಾಸ ಬರಲಿಲ್ಲ. ನಿನ್ನೆಯವರೆಗೆ ಅವಳು ಅವನಿಗೆ ಬೀಗದೊಳಗಿನ ವಸ್ತು. ಇವತ್ತು ಗರ್ಭಗುಡಿಯೊಳಗಿನ ಮೂರ್ತಿ. ಎರಡೂ ಕಡೆ ಬಾಗಿಲು ಹೊರಗಿನಿಂದಲೇ ಮುಚ್ಚಿದೆ! ಮೊದಲು ಹೆಂಡತಿಯೊಡನೆ ಮಾತಾಡದ ಮನುಷ್ಯ ಈಗ ದೇವಿಯೊಡನೆ ಮಾತಾಡಲಾರ.

ಪಂಚರಿಗೆ ಮಾತ್ರ ಇದರಿಂದ ಎಷ್ಟು ಅನುಕೂಲ ನೋಡಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಗಿದೆ. ನಮ್ಮ ಕರಾವಳಿಯವರಿಗೆ ಈ ಬಗೆ ಹೊಸದಲ್ಲ. ದೇವರ ಎದುರು, ದೈವದ ಎದುರು ಆಣೆ ಇಟ್ಟು ಜಗಳ ಮುಗಿಸುವುದನ್ನು ನೋಡಿಕೊಂಡೇ ಬೆಳೆದವರು ನಾವು. ಆಣೆಯಿಂದ ಜಗಳ ಮುಗಿಯುತ್ತದೆ, ಅದರ ಉಪಯೋಗ ದೊಡ್ಡದು. ಆದರೆ ಆಣೆ ಮುಗಿಸಿ ಒಂದೇ ಬಸ್ಸಿನಲ್ಲಿ ಊರಿಗೆ ಮರಳುವ ಅಣ್ಣತಮ್ಮಂದಿರು ಪಕ್ಕಪಕ್ಕ ಕೂತು ಮಾತಾಡುತ್ತಾರೆಯೇ? ಅದನ್ನು ಆಣೆ ಕೊಡಲಾರದು.

ರಾಮಾಯಣದಲ್ಲೂ ಇದೇ ತೊಡಕು. ಬೆಂಕಿ ಹಾಯ್ದು ಬಂದ ಸೀತೆಯ ಮೇಲೆ ಲೋಕಕ್ಕೆ ನಂಬಿಕೆ ಹುಟ್ಟಬೇಕಿತ್ತು, ಹುಟ್ಟಿತೆಂದೇ ಇಟ್ಟುಕೊಳ್ಳೋಣ. ಆದರೂ ಉತ್ತರಕಾಂಡದಲ್ಲಿ ಊರ ಮಾತು ಕೇಳಿ ಅವಳನ್ನು ಕಾಡಿಗೆ ಕಳಿಸಲಾಯಿತು. ಪರೀಕ್ಷೆಯಿಂದ ಗಳಿಸಿದ್ದು ಇನ್ನೊಂದು ಪರೀಕ್ಷೆಯವರೆಗೆ ಮಾತ್ರ ಬಾಳುತ್ತದೆ. ಕುವೆಂಪು ಅವರಿಗೆ ಇದು ಸಹಿಸದೆ ಹೋಗಿರಬೇಕು. ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಸೀತೆಯೊಬ್ಬಳನ್ನೇ ಬೆಂಕಿಗೆ ಬಿಡದೆ ರಾಮನನ್ನೂ ಚಿತೆಯೊಳಗೆ ಕರೆದೊಯ್ದರು. ಕನ್ನಡದ ಕವಿಯೊಬ್ಬ ಹಳೆಯ ಕತೆಗೆ ಮಾಡಿದ ಈ ತಿದ್ದುಪಡಿಯನ್ನು ನಾವು ಸಾಮಾನ್ಯವಾಗಿ ಸಮಾನತೆಯ ಮಾತೆಂದು ಹೊಗಳುತ್ತೇವೆ. ನನಗೆ ಈಗ ಇನ್ನೊಂದು ಕಾಣುತ್ತದೆ. ಒಬ್ಬಳೇ ಬೆಂಕಿಗೆ ಹೋದರೆ ಅದು ನಂಬಿಕೆಯ ಪರೀಕ್ಷೆ. ಇಬ್ಬರೂ ಹೋದರೆ ಅದು ವಿಶ್ವಾಸ.

ಸರಿ, ಅಪ್ಪಣ್ಣ ಕೆಟ್ಟವನು, ನಾಗ ಒಳ್ಳೆಯವನು ಎಂದು ಮುಗಿಸಿಬಿಡಬಹುದೇ? ಕೂಟದಲ್ಲಿ ಹೆಚ್ಚಿನವರ ಅಭಿಪ್ರಾಯ ಹಾಗೇ ಇತ್ತು. ನಾಗ ರಾಣಿಯೊಡನೆ ಮಾತಾಡುತ್ತಾನೆ, ಅವಳ ಭಯ ಕೇಳುತ್ತಾನೆ, ಮುದ್ದು ಮಾಡುತ್ತಾನೆ. ನಾನೂ ಒಪ್ಪುತ್ತೇನೆ. ಆದರೆ ಅವನ ಒಂದು ನಿಬಂಧನೆ ಮರೆಯಬಾರದು: ಪ್ರಶ್ನೆ ಕೇಳಕೂಡದು. ಹಗಲಿನ ಗಂಡ ಯಾಕೆ ಸಿಡುಕುತ್ತಾನೆ, ರಾತ್ರಿಯ ಗಂಡನ ಮೈ ಯಾಕೆ ತಣ್ಣಗಿದೆ, ಈ ಗಾಯ ಎಲ್ಲಿಂದ ಬಂತು, ಕನ್ನಡಿಯಲ್ಲಿ ಯಾಕೆ ಬೇರೆ ಕಂಡಿತು... ಯಾವುದನ್ನೂ ಕೇಳುವ ಹಾಗಿಲ್ಲ. ಅಪ್ಪಣ್ಣ ಬಾಗಿಲಿಗೆ ಹಾಕಿದ ಬೀಗವನ್ನು ನಾಗ ಅವಳ ಬಾಯಿಗೆ ಹಾಕಿದ. ಒಬ್ಬನದು ಕಬ್ಬಿಣದ್ದು, ಇನ್ನೊಬ್ಬನದು ಪ್ರೀತಿಯದು. ಇಬ್ಬರು ಗಂಡಂದಿರೂ ರಾಣಿಯಿಂದ ಕೇಳಿದ್ದು ನಂಬಿಕೆಯನ್ನೇ. ‘ನನ್ನನ್ನು ನಂಬು’ ಎಂದು ಪ್ರೀತಿಯಿಂದ ಹೇಳುವವರು ಎಷ್ಟೋ ಸಲ ‘ನನ್ನನ್ನು ಕೇಳಬೇಡ’ ಎಂದೇ ಹೇಳುತ್ತಿರುತ್ತಾರೆ, ಅಲ್ಲವೇ?

ಹಾಗಾದರೆ ಈ ನಾಟಕದಲ್ಲಿ ವಿಶ್ವಾಸ ಎಲ್ಲೂ ಇಲ್ಲವೇ? ಇದೆ ಎಂದು ನನ್ನ ವಾದ. ಆದರೆ ಅದು ಪವಾಡದ ಗದ್ದಲದಲ್ಲಿಲ್ಲ, ಆಮೇಲಿನ ಒಂದು ಸಣ್ಣ ದೃಶ್ಯದಲ್ಲಿದೆ. ರಾಣಿ ದೇವಿಯಾಗಿ, ಮಗುವಿನ ತಾಯಿಯಾಗಿ, ಗಂಡನೊಡನೆ ಸಂಸಾರ ಮಾಡಿಕೊಂಡಿದ್ದಾಳೆ. ನಾಗ ಕೊನೆಯ ಸಲ ಅವಳನ್ನು ನೋಡಲು ಬಂದು ಅವಳ ಕೂದಲಿನಲ್ಲಿ ಸಿಕ್ಕಿಸಿಕೊಂಡು ಸಾಯುತ್ತಾನೆ. ತಲೆ ಬಾಚುವಾಗ ಸತ್ತ ಹಾವು ಕೆಳಗೆ ಬೀಳುತ್ತದೆ. ಆಗ ರಾಣಿ ಗಂಡನಲ್ಲಿ ಒಂದು ಕೋರಿಕೆ ಇಡುತ್ತಾಳೆ: ಈ ಹಾವಿಗೆ ಸಂಸ್ಕಾರವಾಗಬೇಕು, ನಮ್ಮ ಮಗನೇ ಬೆಂಕಿ ಇಡಬೇಕು, ವರ್ಷವರ್ಷವೂ ಪಿಂಡ ಹಾಕಬೇಕು. ಮಗ ಪಿಂಡ ಹಾಕುವುದು ಯಾರಿಗೆ ಎನ್ನುವುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅವಳಿಗೆ ಗೊತ್ತಾಗಿದೆ. ಅವಳಿಗೆ ಗೊತ್ತಾಗಿದೆ ಎನ್ನುವುದು ಅವನಿಗೂ ಗೊತ್ತಾಗಿರಬೇಕು. ಅಪ್ಪಣ್ಣ ಯಾಕೆಂದು ಕೇಳುವುದಿಲ್ಲ, ಒಪ್ಪುತ್ತಾನೆ.

‘ದೇವಿಯ ಅಪ್ಪಣೆ ಮೀರಲಾರದೆ ಒಪ್ಪಿದ’ ಎಂದು ನೀವು ಹೇಳಬಹುದು. ಕೂಟದಲ್ಲಿ ಒಬ್ಬರು ಹೇಳಿಯೂ ಹೇಳಿದರು. ಇರಬಹುದು. ಆದರೂ ಇಡೀ ನಾಟಕದಲ್ಲಿ ರಾಣಿ ತನಗೆ ನಿಜವಾಗಿ ಬೇಕಾದದ್ದೊಂದನ್ನು ಬಾಯಿಬಿಟ್ಟು ಗಂಡನಲ್ಲಿ ಕೇಳಿದ್ದು, ಅವನು ಕೇಳಿಸಿಕೊಂಡು ನಡೆಸಿಕೊಟ್ಟದ್ದು ಆಗಲೇ. ಮೊದಲು ನಾಗ ‘ಕೇಳಬೇಡ’ ಎಂದದ್ದು ತನ್ನ ಗುಟ್ಟು ಉಳಿಸಿಕೊಳ್ಳಲು. ಈಗ ಅಪ್ಪಣ್ಣ ಕೇಳದೆ ಇದ್ದದ್ದು ಅವಳ ಗುಟ್ಟನ್ನು ಅವಳಿಗೇ ಬಿಡಲು. ಎರಡೂ ಮೌನವೇ. ಆದರೆ ಎರಡಕ್ಕೂ ಅಜಗಜಾಂತರ. ಇನ್ನೊಬ್ಬರ ಬಗ್ಗೆ ಎಲ್ಲವನ್ನೂ ತಿಳಿದುಕೊಂಡ ಮೇಲೆ ಉಳಿಯುವುದು ಮಾಹಿತಿ. ತಿಳಿಯದ ಒಂದು ಮೂಲೆಯನ್ನು ಅವರಿಗೆ ಬಿಟ್ಟುಕೊಟ್ಟು ನಿರಾಳವಾಗಿ ಉಸಿರಾಡುವುದು ವಿಶ್ವಾಸ. ನಾಟಕದ ಇನ್ನೊಂದು ಮುಕ್ತಾಯದಲ್ಲಿ ನಾಗ ಸಾಯದೆ ಅವಳ ಕೂದಲಲ್ಲೇ ಉಳಿದುಬಿಡುತ್ತಾನಲ್ಲ, ಅದನ್ನೂ ನಾನು ಹೀಗೇ ಓದುತ್ತೇನೆ.

ಇಲ್ಲಿ ಕಾರ್ನಾಡರ ಮೇಲೆ ಒಂದು ದೂರೂ ಇದೆ. ಇಷ್ಟು ಮುಖ್ಯವಾದದ್ದನ್ನು ಅವರು ಬಹಳ ಬೇಗ ದಾಟಿಬಿಡುತ್ತಾರೆ. ಪವಾಡವಾದ ರಾತ್ರಿ ಜನರೆಲ್ಲ ಹೋದ ಮೇಲೆ ಅಪ್ಪಣ್ಣ, ರಾಣಿ ಇಬ್ಬರೇ ಉಳಿದಾಗ ಏನು ಮಾತಾಡಿಕೊಂಡರು? ‘ನಾನು ನಿನ್ನನ್ನು ಮುಟ್ಟಲಿಲ್ಲವಲ್ಲ’ ಎಂದು ಅವನಿಗೆ ಬಾಯಿಗೆ ಬರಲಿಲ್ಲವೇ? ‘ಹಾಗಾದರೆ ರಾತ್ರಿ ಬಂದವರು ಯಾರು’ ಎಂದು ಅವಳು ಬೆಚ್ಚಲಿಲ್ಲವೇ? ನಾಟಕದೊಳಗೇ ಕತೆ ಕೇಳುತ್ತಿರುವ ಮನುಷ್ಯ ಇಂಥ ಪ್ರಶ್ನೆ ಎತ್ತುತ್ತಾನೆ ನಿಜ. ಕಾರ್ನಾಡರಿಗೆ ಈ ಬಿರುಕು ಗೊತ್ತಿತ್ತು ಎನ್ನುವುದಕ್ಕೆ ಅದೇ ಸಾಕ್ಷಿ. ಆದರೆ ಪ್ರಶ್ನೆ ಎತ್ತಿದರೆ ದೃಶ್ಯ ಬರೆದಂತಾಗಲಿಲ್ಲ. ಜನಪದ ಕತೆಗೆ ಪವಾಡ ಸಾಕು. ನಾಟಕಕ್ಕೆ ಆ ರಾತ್ರಿಯ ಮಾತು ಬೇಕಿತ್ತು.

ನಾವೆಲ್ಲ ಶಾಲೆಯಲ್ಲಿ ಕಲಿತ ‘ಗೋವಿನ ಹಾಡು’ ಈ ವಿಷಯದಲ್ಲಿ ಹೆಚ್ಚು ಧೈರ್ಯದ ಕತೆ ಎಂದು ನನಗನಿಸುತ್ತದೆ. ಹಸಿದ ಹುಲಿ ಕೈಗೆ ಸಿಕ್ಕ ಹಸುವನ್ನು ಬರೀ ಮಾತಿನ ಮೇಲೆ ಬಿಟ್ಟು ಕಳಿಸುತ್ತದೆ. ಕರುವನ್ನು ಒತ್ತೆ ಇಟ್ಟುಕೊಳ್ಳಲಿಲ್ಲ, ಕಾವಲು ಕಳಿಸಲಿಲ್ಲ. ಪುಣ್ಯಕೋಟಿಯ ಸತ್ಯವನ್ನು ಹಾಡಿದಷ್ಟು ನಾವು ಹುಲಿಯ ಈ ಸಾಹಸವನ್ನು ಹಾಡುವುದಿಲ್ಲ. ಹುಲಿ ಬಿಡದಿದ್ದರೆ ಹಸುವಿನ ಸತ್ಯ ಯಾರಿಗೂ ಗೊತ್ತಾಗುತ್ತಲೇ ಇರಲಿಲ್ಲ. ಅಪ್ಪಣ್ಣ ಬೀಗ ಹಾಕಿದ್ದರಿಂದಲೇ ರಾಣಿಯ ಸತ್ಯ ಅವನಿಗೆ ಎಂದೂ ಸಿಗದೆ ಹೋಯಿತು.

ಇಷ್ಟು ಬರೆದು ನಿಲ್ಲಿಸಿದ್ದರೆ ಇದು ಮರ್ಯಾದೆಯ ವಿಮರ್ಶೆಯಾಗುತ್ತಿತ್ತು. ಆದರೆ ಅಪ್ಪಣ್ಣನ ಮಾತು ಓದುವಾಗ ನನ್ನ ದನಿ ನಡುಗಿದ್ದನ್ನು ಕೆಲವರು ಗಮನಿಸಿದ್ದಿರಿ. ಕಾರಣ ಹೇಳಿಬಿಡುತ್ತೇನೆ.

ಕುವೈತಿಗೆ ಬಂದ ಮೊದಲ ಆರು ವರ್ಷ ನಾನು ಇದೇ ಬ್ನೇದ್ ಅಲ್ ಗಾರಿನಲ್ಲಿ ನಾಲ್ಕು ಜನರ ಕೋಣೆಯಲ್ಲಿದ್ದೆ. ಕುಟುಂಬದ ವೀಸಾಕ್ಕೆ ಬೇಕಾದಷ್ಟು ಸಂಬಳ ಇರಲಿಲ್ಲ. ಹೆಂಡತಿ ಕುಂದಾಪುರದ ಹತ್ತಿರ ನಮ್ಮ ಮನೆಯಲ್ಲಿ. ಮೊದಲು ವಾರಕ್ಕೊಮ್ಮೆ ಫೋನು, ಆಮೇಲೆ ದಿನಕ್ಕೊಮ್ಮೆ, ವೀಡಿಯೋ ಕರೆ ಬಂದ ಮೇಲೆ ಹೊತ್ತುಹೊತ್ತಿಗೆ. ಎತ್ತುವುದು ಎರಡು ನಿಮಿಷ ತಡವಾದರೆ ಎಲ್ಲಿದ್ದೆ, ಯಾರಿದ್ದರು, ಹಿಂದೆ ಏನೋ ಸದ್ದಾಯಿತಲ್ಲ, ಫೋನು ಆ ಕಡೆ ತಿರುಗಿಸು... ಇದನ್ನು ನಾನು ಕಾಳಜಿ ಎಂದೇ ತಿಳಿದಿದ್ದೆ. ಒಂದು ದಿನ ಅವಳು ಮೆಲ್ಲಗೆ, “ನೀವು ಕೇಳೂದು ನಾನು ಉಂಡೆನಾ ಅಂತ ಅಲ್ಲ, ಎಲ್ಲಿದ್ದೆ ಅಂತ. ಬೇಕಾದ್ರೆ ದೇವ್ರ ಮುಂದೆ ಆಣೆ ಇಡ್ತೆ. ಅಷ್ಟಾದ್ರೂ ನಿಮಗೆ ಸಮಾಧಾನ ಆತ್ತಾ?” ಅಂದಳು. ನಾನು ಉತ್ತರ ಕೊಡಲಿಲ್ಲ. ಆಣೆ ಇಟ್ಟಿದ್ದರೆ ನಂಬುತ್ತಿದ್ದೆನೋ ಏನೋ. ಆದರೆ ಹೆಂಡತಿಯನ್ನು ಆಣೆ ಇಡುವವರೆಗೆ ತಂದವನು ನಾನೇ ಎಂದು ತಿಳಿಯಲು ಇಷ್ಟು ವರ್ಷ, ಒಂದು ನಾಟಕ, ಒಬ್ಬ ಸೋದರಿಯ ಪ್ರಶ್ನೆ ಬೇಕಾಯಿತು. ಅಪ್ಪಣ್ಣ ಅನ್ನುವ ಹೆಸರಿನಲ್ಲಿ ಅಪ್ಪನೂ ಇದ್ದಾನೆ, ಅಣ್ಣನೂ ಇದ್ದಾನೆ. ಅದು ಯಾವ ಗಂಡಸಿನ ಹೆಸರೂ ಆಗಬಹುದು. ನನ್ನ ಬೀಗ ಮೂರು ಸಾವಿರ ಕಿಲೋಮೀಟರು ದೂರದಿಂದ ಹಾಕಿದ್ದು, ಅಷ್ಟೇ ವ್ಯತ್ಯಾಸ.

ನಂಬಿಕೆಯನ್ನು ಹಗುರ ಮಾಡುವ ಉದ್ದೇಶ ನನಗಿಲ್ಲ. 1990ರ ಆಗಸ್ಟ್ 2ರಂದು ಇರಾಕಿನ ಸೇನೆ ಇಲ್ಲಿಗೆ ನುಗ್ಗಿದಾಗ ಊರಿಗೆ ಫೋನಿಲ್ಲ, ಕಾಗದವಿಲ್ಲ. ಅಮ್ಮಾನಿನ ಮೂಲಕ ಸುಮಾರು 1,70,000 ಭಾರತೀಯರನ್ನು ವಿಮಾನಗಳಲ್ಲಿ ಕರೆತರುವವರೆಗೆ ಎಷ್ಟೋ ಮನೆಗಳಿಗೆ ತಮ್ಮವರು ಬದುಕಿದ್ದಾರೋ ಇಲ್ಲವೋ ಎಂದೇ ಗೊತ್ತಿರಲಿಲ್ಲ. ಆ ದಿನಗಳನ್ನು ಕಂಡ ಹಿರಿಯರು ಈಗಲೂ ನಮ್ಮ ನಡುವೆ ಇದ್ದಾರೆ. ಆಗ ಹರಕೆ ಹೊತ್ತು ದೀಪ ಹಚ್ಚಿ ಕೂತ ತಾಯಂದಿರಿಗೆ ಬೇರೆ ಏನು ದಾರಿಯಿತ್ತು? ಆ ಕಡೆಯಿಂದ ಉತ್ತರವೇ ಬಾರದಾಗ ಮನುಷ್ಯನನ್ನು ಉಳಿಸುವುದು ನಂಬಿಕೆಯೇ. ಆದರೆ ಉತ್ತರ ಕೊಡಬಲ್ಲ ಜೀವವೊಂದು ಎದುರಿಗಿರುವಾಗ ಅದನ್ನು ಕಲ್ಲಿನ ದೇವರಂತೆ ಪೂಜಿಸುವುದೂ ಸಲ್ಲ, ಕಳ್ಳನಂತೆ ಕಾಯುವುದೂ ಸಲ್ಲ. ನನ್ನ ವಾದ ಇಷ್ಟೇ.

ಕೂಟ ಮುಗಿದ ರಾತ್ರಿ ಗಲ್ಫ್ ರಸ್ತೆ ದಾಟಿ ಸಮುದ್ರದ ದಂಡೆಯಲ್ಲಿ ಸ್ವಲ್ಪ ಹೊತ್ತು ನಡೆದೆ. ಎಣ್ಣೆ ಸಿಗುವ ಮೊದಲು ಈ ನಾಡಿನ ಗಂಡಸರು ಬೇಸಿಗೆಯ ತಿಂಗಳುಗಳಲ್ಲಿ ಮುತ್ತಿಗಾಗಿ ಇದೇ ಸಮುದ್ರಕ್ಕೆ ಹೋಗುತ್ತಿದ್ದರು. ಮುಳುಗುವವನಿಗೆ ಇಲ್ಲಿ ‘ಗೈಸ್’ ಎನ್ನುತ್ತಿದ್ದರು, ದೋಣಿಯಲ್ಲಿ ನಿಂತು ಅವನ ಹಗ್ಗ ಹಿಡಿಯುವವನಿಗೆ ‘ಸೈಬ್’. ಕೆಳಗಿರುವವನು ಏನು ಮಾಡುತ್ತಿದ್ದಾನೆಂದು ಮೇಲಿರುವವನಿಗೆ ಕಾಣುವುದಿಲ್ಲ. ಹಗ್ಗ ಜಗ್ಗಿದಾಗ ಎಳೆಯಬೇಕು, ಅಷ್ಟೇ. ಸುಮ್ಮಸುಮ್ಮನೆ ಎಳೆದರೆ ಮುತ್ತು ಸಿಗುವುದಿಲ್ಲ, ಜಗ್ಗಿದ್ದು ತಿಳಿಯದೆ ಹೋದರೆ ಜೀವ ಉಳಿಯುವುದಿಲ್ಲ. ನಾನು ಆರು ವರ್ಷ ಸುಮ್ಮಸುಮ್ಮನೆ ಎಳೆದವನು.

ಈಗ ಅವಳೂ ಇಲ್ಲೇ ಇದ್ದಾಳೆ. ಮನೆಗೆ ಹೋಗಿ ಈ ಮಾತನ್ನೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿ, “ನಾಟಕದ ಪುಸ್ತಕ ಕೊಡಿ, ನಾನೂ ಓದ್ತೆ” ಅಂದಳು. ಅವಳಿಗೆ ಏನನಿಸಿತು ಎಂದು ನಾನಿನ್ನೂ ಕೇಳಿಲ್ಲ. ಹೇಳಬೇಕೆನಿಸಿದಾಗ ಹೇಳುತ್ತಾಳೆ.

ನಿಮ್ಮಲ್ಲಿ ಯಾರಿಗಾದರೂ ಅಪ್ಪಣ್ಣ ಬೇರೆ ರೀತಿ ಕಂಡಿದ್ದರೆ ಬರೆದು ಕಳಿಸಿ, ಮುಂದಿನ ಕೂಟದಲ್ಲಿ ಓದೋಣ. ಮೊದಲ ಪ್ರಶ್ನೆ ಎತ್ತಿದ ಸೋದರಿಗೆ ನನ್ನ ವಂದನೆ.

ವಿಶ್ವಾಸವಿರಲಿ.